ಸದನ ಕೂಡದ ದಿನ

ಮೂವತ್ತೊಂದು.

ಮತ್ತೆ ಎಣಿಸಿದೆ. ಬೆರಳಿಟ್ಟು, ಸಾಲು ಸಾಲಾಗಿ, ಒಂದನೇ ತರಗತಿಯ ಮಗುವಿನ ಹಾಗೆ. ಮೂವತ್ತೊಂದೇ!

ನಿನ್ನೆ ಮಧ್ಯಾಹ್ನ ಇದೇ ರಿಜಿಸ್ಟರು, ಇದೇ ಪುಟ, ಇದೇ ಬೆರಳು. ಆಗ ಮೂವತ್ತಿತ್ತು.

"ಏನಾಯ್ತು? ದೆವ್ವ ನೋಡಿದೋರ ಹಾಗೆ ನಿಂತಿದೀರಲ್ಲ?" ಎಂದರು ಸಮಿತಿಯ ಅಧ್ಯಕ್ಷೆ.

"ಒಂದು ದಿನ ಜಾಸ್ತಿಯಾಗಿದೆ, ಮೇಡಂ."

"ಎಲ್ಲಿ?"

"ಹೋದ ವರ್ಷದಲ್ಲಿ."

ಅವರು ನಗಲಿಲ್ಲ. ಅದು ನಗುವ ಮಾತಾಗಿರಲೂ ಇಲ್ಲ.

ನಾನು ಶಾಸನಸಭೆಯ ನಿಯಮ ಪರಿಶೀಲನಾ ಸಮಿತಿಯ ಸಹಾಯಕಿ. ಹೊರಟು ನಿಂತ ಸರ್ಕಾರಗಳಿಗೆ ಒಂದು ಚಾಳಿಯಿದೆ. ಐದು ವರ್ಷ ಮುಟ್ಟದ ಕೆಲಸವನ್ನೆಲ್ಲ ಕೊನೆಯ ಐದು ವಾರದಲ್ಲಿ ಮಾಡಿ ಮುಗಿಸುವುದು. ಮನೆ ಖಾಲಿ ಮಾಡುವವರು ಹೋಗುವಾಗ ಗೋಡೆಗೆಲ್ಲ ಮೊಳೆ ಹೊಡೆದ ಹಾಗೆ, ನಿಯಮದ ಮೇಲೆ ನಿಯಮ ಹೊಡೆದು ಹೋಗುತ್ತಾರೆ. ಆ ಮೊಳೆ ಕೀಳಲೆಂದೇ ಒಂದು ಕಾಯ್ದೆಯಿದೆ. ಹಳೆಯ ಸದನ ಕೂಡಿದ ಕೊನೆಯ ಮೂವತ್ತು ದಿನಗಳೊಳಗೆ ಹೊರಟ ಯಾವ ನಿಯಮವನ್ನಾದರೂ ಹೊಸ ಸದನ ತೆರೆದು ನೋಡಬಹುದು, ಬೇಡವೆಂದರೆ ರದ್ದು ಮಾಡಬಹುದು; ಸದನದ ಪರವಾಗಿ ನಮ್ಮ ಸಮಿತಿ ಕೈಗೆತ್ತಿಕೊಂಡ ಕ್ಷಣದಿಂದಲೇ ಅದರ ಜಾರಿಗೆ ತಡೆ. ಮೂವತ್ತೊಂದನೆಯ ದಿನದ್ದಾದರೆ ಮುಟ್ಟುವ ಹಾಗಿಲ್ಲ. ಎಣಿಕೆ ಕ್ಯಾಲೆಂಡರಿನದಲ್ಲ, ಸದನ ಕೂಡಿದ ದಿನಗಳದ್ದು, ಕೊನೆಯಿಂದ ಹಿಂದಕ್ಕೆ. ಎಣಿಸುವವಳು ನಾನು.

ಕಾರ್ಖಾನೆಗಳ ಟ್ಯಾಂಕು ತೊಳೆಯುವವರ ಬಗೆಗಿನ ನಿಯಮವೊಂದು ಸರಿಯಾಗಿ ಮೂವತ್ತನೆಯ ದಿನದ್ದು. ಅದನ್ನು ಕೈಗೆತ್ತಿಕೊಳ್ಳಲು ಇವತ್ತು ಸಂಜೆ ನಾಲ್ಕು ಗಂಟೆಯೇ ಕೊನೆಯ ಗಡುವು. ನಿನ್ನೆಯವರೆಗೆ ಕೂದಲೆಳೆಯಲ್ಲಿ ಒಳಗಿತ್ತು. ಈಗ ನೋಡಿದರೆ ಕೂದಲೆಳೆಯಲ್ಲಿ ಹೊರಗೆ!

"ಹೊರಗೆ ಆ ಹೆಂಗಸು ಕೂತಿದಾಳೆ," ಅಧ್ಯಕ್ಷೆ ತಗ್ಗಿದ ದನಿಯಲ್ಲಿ ಹೇಳಿದರು. "ಅವಳಿಗೆ ಏನು ಹೇಳಲಿ?"

ಆ ಹೆಂಗಸನ್ನು ಕಚೇರಿಯವರೆಲ್ಲ ಅಕ್ಕ ಎನ್ನುತ್ತಿದ್ದೆವು. ಹದಿನೈದು ದಿನದಿಂದ ಕಾರಿಡಾರಿನಲ್ಲಿ ಕೂತಿದ್ದಳು. ಗಂಡ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯುತ್ತಿದ್ದ. ಮೊದಲು ಅಲ್ಲಿ ಇಬ್ಬರು ಜೊತೆಗೆ ಇಳಿಯುತ್ತಿದ್ದರು. ಹೊಸ ನಿಯಮ ಬಂತು: ‘ಇಬ್ಬರು ಟ್ಯಾಂಕಿಗೆ ಇಳಿಯಕೂಡದು.’ ಒಳಗಿನ ಗಾಳಿ ಕೆಟ್ಟು ಅವನು ಕುಸಿದಾಗ ಜೊತೆಗಾರ ಏಣಿಗೆ ಕಾಲಿಟ್ಟಿದ್ದ. ಮೇಲ್ವಿಚಾರಕ ಗೋಡೆಗೆ ಅಂಟಿಸಿದ ನಿಯಮ ತೋರಿಸಿ ಅವನನ್ನು ಎಳೆದು ನಿಲ್ಲಿಸಿದ. ಅಕ್ಕನ ಗಂಡ ಒಳಗೇ ಸತ್ತ. ಈಗ ಅದೇ ಟ್ಯಾಂಕಿಗೆ ಅಕ್ಕನ ಮೈದುನನ ಪಾಳಿ. ನಾಳೆ ಬೆಳಗ್ಗೆ ಏಳಕ್ಕೆ.

ಅಧ್ಯಕ್ಷೆ ಮಾರ್ಷಲರನ್ನು ಕರೆಸಿದರು. ಸದನದ ಕಟ್ಟಡದೊಳಗೆ ಏನೇ ತಪ್ಪು ನಡೆದರೂ ವಿಚಾರಿಸುವ ಅಧಿಕಾರ ಅವರದೇ. ಅಧಿಕಾರವಿದೆ ಎಂಬುದು ನಮಗ್ಯಾರಿಗೂ ನೆನಪಿರಲಿಲ್ಲ, ಆ ಮಾತು ಬೇರೆ. ಆರಡಿ ಆಳು, ಬಿಳಿ ಕೈಗವಸು. ಸಭಾಧ್ಯಕ್ಷರು ಬರುವಾಗ ಬಾಗಿಲು ತೆರೆದು ಜೋರಾಗಿ ಕೂಗುವುದೇ ಅವರ ಕೆಲಸವೆಂದು ನಾವು ಹಿಂದಿನಿಂದ ‘ಬಾಗಿಲಪ್ಪ’ ಎನ್ನುತ್ತಿದ್ದೆವು.

ಅವರು ರಿಜಿಸ್ಟರನ್ನು ಕಿಟಕಿಗೆ ಹಿಡಿದು ನೋಡಿದರು.

"ಯಾವ ಸಾಲು?"

ತೋರಿಸಿದೆ: ‘ಕೋರಂ ಇಲ್ಲ. ಸಭಾಧ್ಯಕ್ಷರು ಪೀಠಕ್ಕೆ ಬಂದು ಎದ್ದರು—’

"ನಿನ್ನೆ ‘ಕೋರಂ ಇಲ್ಲ’ ಅಂತ ಮಾತ್ರ ಇತ್ತು ಸಾರ್. ಸಾಕಷ್ಟು ಸದಸ್ಯರು ಬರಲಿಲ್ಲ, ಸಭಾಧ್ಯಕ್ಷರೂ ಬರಲಿಲ್ಲ ಅಂದ್ರೆ ಅದು ಸದನ ಕೂಡಿದ ದಿನ ಅಲ್ಲ. ಅವರು ಒಂದು ಗಳಿಗೆ ಪೀಠದಲ್ಲಿ ಕೂತೆದ್ದರೂ ಅದು ದಿನವೇ."

"ಅಂದ್ರೆ ಒಂದು ವಾಕ್ಯ ಸೇರಿಸಿ ಒಂದು ದಿನ ಹುಟ್ಟಿಸಿದಾರೆ."

"ಹೌದು."

"ಆ ದಿನ ನಾನು ಕೂಗಿಲ್ಲ," ಮಾರ್ಷಲರು ನಿಧಾನವಾಗಿ ಹೇಳಿದರು. "ನಾನು ಕೂಗದೆ ಸಭಾಧ್ಯಕ್ಷರು ಒಳಗೆ ಬರೋಕೆ ಅವರೇನು ಕಳ್ಳಬೆಕ್ಕಾ?"

"ನೀವು ಹೇಳೋದು ಮಾತು, ಇದು ದಾಖಲೆ," ಎಂದರು ಅಧ್ಯಕ್ಷೆ. "ಕಾನೂನು ದಾಖಲೆಯನ್ನ ನಂಬತ್ತೆ. ಹಳೇ ಸಭಾಧ್ಯಕ್ಷರನ್ನ ಕೇಳೋಣ ಅಂದ್ರೆ ಅವರಿಗೆ ಲಕ್ವ ಹೊಡೆದು ಮಾತು ನಿಂತಿದೆ. ಬರೆದೋರೇ ಬರೆದೆ ಅಂತ ಒಪ್ಪಬೇಕು."

"ನಿನ್ನೆ ಈಕೆ ಎಣಿಸಿದ ಮೇಲೆ ಇದನ್ನ ಮುಟ್ಟಿದೋರು ಯಾರು?"

ಮೂವರು. ರಿಜಿಸ್ಟರು ಬರೆಯುವ, ಬೀರುವಿನ ಕೀಲಿ ಇಟ್ಟುಕೊಂಡ ದಾಖಲೆಯಣ್ಣ. ತಾರೀಖು ಗುರುತು ಹಾಕಿಕೊಳ್ಳಲು ಬಂದಿದ್ದ, ಆ ನಿಯಮ ಹೊರಡಿಸಿದ್ದ ಮಾಜಿ ಸಚಿವರ ಕಾರ್ಯದರ್ಶಿ. ಮತ್ತೆ ನಮ್ಮ ಕರಡು ಮೇಷ್ಟ್ರು. ನಾಲ್ಕನೆಯವಳು ನಾನು.

ಮೊದಲು ದಾಖಲೆಯಣ್ಣ ಬಂದ. ಬೆವರು ಒರೆಸಿಕೊಳ್ಳುತ್ತಲೇ ಇದ್ದ.

"ಇದು ನಿನ್ನ ಕೈಬರಹವಾ?"

"‘ಕೋರಂ ಇಲ್ಲ’ ನಂದೇ ಸಾರ್. ಮುಂದಿಂದು... ನಂದರ ಹಾಗೇ ಇದೆ. ಆದ್ರೆ ನಂದಲ್ಲ ಅನ್ಸತ್ತೆ."

"ಅನ್ಸತ್ತಾ?"

"ದಿನಕ್ಕೆ ಇಪ್ಪತ್ತು ಸಾಲು ಗೀಚ್ತೀನಿ. ಎಲ್ಲದರ ಮುಖ ನೆನಪಿರತ್ತಾ?"

"ಶಾಯಿ?"

"ಮೇಜಿಗೆ ದಾರ ಕಟ್ಟಿದ ಪೆನ್ನು ಸಾರ್. ಹೋಗೋರು ಬರೋರೆಲ್ಲ ಅದರಲ್ಲೇ ಬರೀತಾರೆ."

ಶಾಯಿಯ ದಾರಿ ಅಲ್ಲಿಗೇ ಮುಚ್ಚಿತು.

ಕಾರ್ಯದರ್ಶಿ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ನನಗಂತೂ ನೋಡಿದ ಕೂಡಲೇ ಇವನೇ ಅನ್ನಿಸಿತು. ನಿಜ ಹೇಳಬೇಕೆಂದರೆ ಇವನೇ ಆಗಿರಲಿ ಅನ್ನಿಸಿತು.

"ಆ ನಿಯಮ ಉಳಿದ್ರೆ ಲಾಭ ನಿಮ್ಮ ಸಾಹೇಬರಿಗೆ. ಕಾರ್ಖಾನೆಯವರ ಹತ್ತಿರ ಒಳ್ಳೇ ಹೆಸರು," ಎಂದರು ಮಾರ್ಷಲರು.

"ಸಾಹೇಬರಿಗಾ?" ಅವನು ಕುರ್ಚಿಗೆ ಒರಗಿದ. "ಅಂಥದ್ದೊಂದು ನಿಯಮ ತಾವು ಮಾಡಿದೀವಿ ಅನ್ನೋದೇ ಅವರಿಗೆ ಪೇಪರ್ ನೋಡಿದ ಮೇಲೆ ಗೊತ್ತಾಗಿದ್ದು. ಹಳೇ ನಿಯಮಗಳನ್ನೆಲ್ಲ ಒಂದೇ ಪುಸ್ತಕ ಮಾಡಿ ಹೆಸರು ತಗೊಂಡು ಹೋಗೋಣ ಅಂತಿದ್ರು. ಆ ಒಂದೇ ವಾರ ಎಪ್ಪತ್ತು ಕಡತಕ್ಕೆ ಸೈನು. ಓದಿ ಹಾಕಿದ್ರು ಅಂತ ನಾನಂತೂ ಹೇಳಲ್ಲ."

"ಹಾಗಾದ್ರೆ ಹೊಸ ನಿಯಮ ಬೇಕು ಅಂತ ಯಾರೂ ಕೇಳಿರಲಿಲ್ಲ?"

"ಇದ್ದದ್ದನ್ನ ಇದ್ದ ಹಾಗೆ ಬರೆಯೋಕೆ ಹೇಳಿದ್ದು. ಅಷ್ಟೇ."

ಸುಳ್ಳು, ಅಂದುಕೊಂಡೆ. ಮಾರ್ಷಲರು ಮಾತ್ರ ಕೈಗವಸು ಕಳಚಿ ಮೇಜಿನ ಮೇಲಿಟ್ಟರು. ಅವರ ಬರಿಗೈ ನಾನು ಕಂಡಿದ್ದು ಅದೇ ಮೊದಲು.

ಕರಡು ಮೇಷ್ಟ್ರು ಬರುವಾಗಲೇ ತಡವಾಯಿತು. ಅಕ್ಕನಿಗೆ ಒಂದು ಲೋಟ ನೀರು ಕೊಟ್ಟು ಬಂದರು, ದಿನವೂ ಕೊಡುತ್ತಿದ್ದರು. ಅವಳು ಕೂತಿದ್ದ ಕುರ್ಚಿಯೂ ಮೇಷ್ಟ್ರದೇ. ನಲವತ್ತು ವರ್ಷದಿಂದ ಈ ಸರ್ಕಾರ, ಆ ಸರ್ಕಾರ ಎನ್ನದೆ ನಿಯಮಗಳ ಕರಡು ಬರೆದವರು. ಅವರು ಬರೆದದ್ದಕ್ಕೆ ಒಂದು ಸಲವೂ ತಪ್ಪು ತಿದ್ದುವ ಚೀಟಿ ಅಂಟಿಸಿದ್ದಿಲ್ಲ. ನನಗೆ ಪೆನ್ನು ಹಿಡಿಯುವುದನ್ನು ಕಲಿಸಿದವರೇ ಅವರು ಎಂದರೂ ತಪ್ಪಿಲ್ಲ. ಅವರನ್ನು ವಿಚಾರಣೆಗೆ ಕೂರಿಸಿದ್ದು ನೋಡಿ ನನಗೇ ನಾಚಿಕೆಯಾಯಿತು.

"ನಿನ್ನೆ ರಿಜಿಸ್ಟರ್ ಯಾಕೆ ಬೇಕಾಗಿತ್ತು ಮೇಷ್ಟ್ರೇ?"

"ಹಳೇ ತಾರೀಖೊಂದು ನೋಡಬೇಕಿತ್ತು. ಬೇರೆ ಪುಟ."

"ಸರಿ. ಎಲ್ಲರೂ ಒಂದೊಂದು ಹೇಳಿಕೆ ಬರೆದುಕೊಡಿ. ನಾಲ್ಕು ಸಾಲು ಸಾಕು."

ಮೇಷ್ಟ್ರು ನನ್ನ ಕಡೆ ತಿರುಗಿದರು. "ನನ್ನದೂ ನೀನೇ ಬರಿಯಮ್ಮ. ಕೈ ನಡುಗ್ತಿದೆ."

ಇಬ್ಬರದೂ ನಾನೇ ಬರೆದೆ. ಅವರು ರುಜು ಹಾಕಿದರು. ಮಾರ್ಷಲರು ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ಅಧ್ಯಕ್ಷೆಯಿಂದ ಮುದ್ರಣಾಲಯಕ್ಕೊಂದು ಪತ್ರ ಬರೆಸಿಕೊಂಡು ಹೊರಟುಹೋದರು.

ಮೂರೂವರೆಗೆ ವಾಪಸು ಬಂದರು. ಎಲ್ಲರನ್ನೂ ಸಮಿತಿಯ ಕೋಣೆಗೆ ಕರೆದರು, ಅಕ್ಕನನ್ನೂ.

"ಇವಳು ಯಾಕೆ?" ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದ.

"ಸತ್ತಿದ್ದು ಅವಳ ಗಂಡ. ನಿಮ್ಮ ಮನೆಯವರಲ್ಲ."

ಅವನು ಅವಳಿಗೆ ಕೂರಲು ಜಾಗ ಬಿಟ್ಟ.

ಮಾರ್ಷಲರು ರಿಜಿಸ್ಟರನ್ನು ಬಿಡಿಸಿಟ್ಟರು. "ಎಲ್ಲರೂ ಅಕ್ಷರ ನೋಡಿದ್ರಿ. ಅಕ್ಷರ ಚೆನ್ನಾಗೇ ನಕಲು ಆಗಿದೆ. ಅಕ್ಷರ ಮುಗಿದ ಮೇಲೆ ಏನಿದೆ ಅಂತ ನೋಡಿದ್ರಾ?"

ಬಗ್ಗಿದೆವು. ‘ಎದ್ದರು’ ಎಂಬುದರ ಮುಂದೆ ಒಂದು ಗೆರೆ. ಬೆರಳಿನುದ್ದದ ಅಡ್ಡಗೆರೆ, ಅಂಚಿನವರೆಗೆ.

"ಇಡೀ ರಿಜಿಸ್ಟರಲ್ಲಿ ಬೇರೆ ಯಾವ ಸಾಲಿಗೂ ಈ ಗೆರೆ ಇಲ್ಲ. ಏನಿದು?"

"ಖಾಲಿ ಜಾಗ ಮುಚ್ಚೋ ಗೆರೆ," ನಾನು ಯೋಚಿಸದೆ ಹೇಳಿಬಿಟ್ಟೆ. "ಯಾರೂ ಆಮೇಲೆ ಪದ ಸೇರಿಸದ ಹಾಗೆ."

"ಹೌದು. ಈಗ ಹೇಳಿಕೆಗಳು. ದಾಖಲೆಯಣ್ಣನದು, ಗೆರೆ ಇಲ್ಲ. ಕಾರ್ಯದರ್ಶಿದು, ಇಲ್ಲ. ಇದು?"

ನನ್ನ ಹಾಳೆ. ಪ್ರತಿ ಪ್ಯಾರಾದ ಕೊನೆಗೂ ಗೆರೆ! ಅಧ್ಯಕ್ಷೆ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

"ನಾನಲ್ಲ..."

"ನೀನಲ್ಲ ಅಂತ ನನಗೆ ಗೊತ್ತು," ಎಂದರು ಮಾರ್ಷಲರು. "ಎಣಿಸೋಳು ನೀನು. ಮೂವತ್ತೊಂದು ಆಗಲಿ ಅಂತ ನಿನಗಿದ್ರೆ ಬಾಯಲ್ಲಿ ಮೂವತ್ತೊಂದು ಅಂದಿದ್ರೆ ಸಾಕಾಗಿತ್ತು. ರಿಜಿಸ್ಟರ್ ತಿದ್ದೋ ರಗಳೆ ಯಾಕೆ? ಒಂದು ಹೇಳು. ಈ ಗೆರೆ ಎಳೆಯೋದು ನಿನಗೆ ಕಲಿಸಿದ್ದು ಯಾರು?"

ಕೋಣೆಯಲ್ಲಿ ನಾನು ನೋಡಬಾರದಾದ ಮುಖ ಒಂದೇ ಇತ್ತು, ಅದನ್ನೇ ನೋಡಿದೆ.

ಮೇಷ್ಟ್ರು ಟೇಬಲ್ಲಿನ ಅಂಚನ್ನು ಹಿಡಿದುಕೊಂಡಿದ್ದರು.

"ಇಲ್ಲ!" ಎಂದೆ. "ಮೇಷ್ಟ್ರು ಯಾಕೆ ಮಾಡ್ತಾರೆ? ಅವರಿಗೆ ಏನು ಸಿಗತ್ತೆ?"

"ಸಿಗೋದಲ್ಲಮ್ಮ, ಹೋಗೋದು." ಮಾರ್ಷಲರು ಜೇಬಿನಿಂದ ಹಳದಿ ಹಾಳೆಯೊಂದನ್ನು ತೆಗೆದರು. "ಸಮಿತಿ ಒಂದು ನಿಯಮ ಕೈಗೆತ್ತಿಕೊಂಡ್ರೆ ಮೊದಲು ಮಾಡೋ ಕೆಲಸ ಏನು?"

"ಮುದ್ರಣಾಲಯದಿಂದ ಮೂಲ ಕೈಬರಹ ತರಿಸಿ, ಪದಪದವಾಗಿ ಗಟ್ಟಿಯಾಗಿ ಓದೋದು."

"ಅದು ನಡೆಯಬಾರದಿತ್ತು. ಇದು ಮೇಷ್ಟ್ರ ಕೈಬರಹ. ಓದು."

ಓದಿದೆ. "‘ಇಬ್ಬರು ಟ್ಯಾಂಕಿಗೆ ಇಳಿಯಕೂಡದು—’"

"ಇದ್ದದ್ದನ್ನ ಇದ್ದ ಹಾಗೆ ಬರೆಯೋಕೆ ಹೇಳಿದ್ರು ಅಂತ ಕಾರ್ಯದರ್ಶಿ ಬೆಳಗ್ಗೆಯೇ ಹೇಳಿದ. ಯಾರೂ ನಂಬಲಿಲ್ಲ. ಇಗೋ ಹಳೇ ನಿಯಮ. ಇದನ್ನೂ ಓದು."

"‘ಇಬ್ಬರು ಇಲ್ಲದೆ ಟ್ಯಾಂಕಿಗೆ...’"

ಅಲ್ಲೇ ನಿಲ್ಲಿಸಿ ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ. ಇಬ್ಬರು ಇಲ್ಲದೆ ಇಳಿಯಕೂಡದು. ಇಬ್ಬರು ಇಳಿಯಕೂಡದು. ನಡುವೆ ಬಿಟ್ಟುಹೋದದ್ದು ‘ಇಲ್ಲದೆ’, ಮೂರು ಅಕ್ಷರ. ಯಾವ ಸಚಿವನ ಪಿತೂರಿಯೂ ಅಲ್ಲ, ಯಾವ ಮಾಲೀಕನ ಒತ್ತಡವೂ ಅಲ್ಲ. ಒಂದೇ ವಾರದ ಎಪ್ಪತ್ತು ಕಡತಗಳ ನಡುವೆ ಒಂದು ಕೈಮರೆವು! ಆ ಕೈಮರೆವನ್ನು ನಂಬಿ ಒಬ್ಬ ಮೇಲ್ವಿಚಾರಕ ಒಬ್ಬ ಗೆಳೆಯನನ್ನು ಏಣಿಯಿಂದ ಎಳೆದು ನಿಲ್ಲಿಸಿದ್ದ.

"ತಪ್ಪು ಎಲ್ಲರಿಂದಲೂ ಆಗತ್ತೆ ಮೇಷ್ಟ್ರೇ," ಮಾರ್ಷಲರು ಹೇಳಿದರು. "ಆದ್ರೆ ನಿನ್ನೆ ನೀವು ಮಾಡಿದ್ದು ತಪ್ಪಲ್ಲ. ಬೇರೆಯವರ ರಿಜಿಸ್ಟರಲ್ಲಿ ಸುಳ್ಳು ವಾಕ್ಯ ಸೇರಿಸಿದ್ರಿ. ಸೇರಿಸಿ, ಇನ್ಯಾರೂ ಏನೂ ಸೇರಿಸಬಾರದು ಅಂತ ನಲವತ್ತು ವರ್ಷದ ಅಭ್ಯಾಸದಲ್ಲಿ ಗೆರೆ ಎಳೆದ್ರಿ."



"ಇವರ ಗಂಡ ಹೋದ ಮೇಲೆ ಗೊತ್ತಾಯ್ತು," ಮೇಷ್ಟ್ರು ಬಾಯಿಬಿಟ್ಟರು. "ಪೇಪರಲ್ಲಿ ಆ ಸಾಲು ನೋಡಿದೆ. ನನ್ನ ಸಾಲು. ಮುಂದಿನ ಅಧಿವೇಶನದಲ್ಲಿ ಸದ್ದಿಲ್ಲದೆ ಹೊಸ ನಿಯಮ ಬರೆದು ಸರಿಮಾಡೋಣ ಅಂತಿದ್ದೆ."

"ಮುಂದಿನ ಅಧಿವೇಶನ ಯಾವಾಗ?" ಅಕ್ಕ ಕೇಳಿದಳು.

"ನಾಲ್ಕು ತಿಂಗಳ ಮೇಲೆ," ಎಂದೆ.

"ಅವನು ಇಳಿಯೋದು ನಾಳೆ," ಎಂದಳು.

"ನಾಳೆ ಅಂತ ನನಗೆ..." ಮೇಷ್ಟ್ರು ತಡವರಿಸಿದರು. ನಾಳೆ ಎಂದು ಅವರಿಗೆ ಗೊತ್ತಿತ್ತು. ದಿನವೂ ನೀರು ಕೊಡುವಾಗ ಅವಳು ಅದನ್ನೇ ಹೇಳುತ್ತಿದ್ದಳು.

ದಾರ ಕಟ್ಟಿದ ಪೆನ್ನನ್ನು ದಾಖಲೆಯಣ್ಣ ಬಿಚ್ಚಿ ತಂದ. ಮೇಷ್ಟ್ರು ತಾವು ಸೇರಿಸಿದ ವಾಕ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಇದು ನಾನು ಸೇರಿಸಿದ ಸುಳ್ಳು’ ಎಂದು ಬರೆದು ರುಜು ಹಾಕಿದರು. ಕೈ ಒಂದಿಷ್ಟೂ ನಡುಗಲಿಲ್ಲ. ನಾನು ಮತ್ತೆ ಎಣಿಸಿದೆ. ಮೂವತ್ತು. ಗಂಟೆ ನಾಲ್ಕಕ್ಕೆ ಐದು ನಿಮಿಷ ಬಾಕಿಯಿತ್ತು. ಸಮಿತಿ ನಿಯಮವನ್ನು ಕೈಗೆತ್ತಿಕೊಂಡಿತು, ಅದರ ಜಾರಿಯನ್ನು ಆ ಕ್ಷಣದಿಂದಲೇ ತಡೆಯಿತು. ಹಳೆಯ ನಿಯಮ ಮತ್ತೆ ಜೀವ ಪಡೆಯಿತು. ಮನುಷ್ಯರಿಗೆ ಆ ಸೌಲಭ್ಯವಿಲ್ಲ.

ಮಾರ್ಷಲರು ಮೇಷ್ಟ್ರನ್ನು ಹೊರಡಿಸಿದರು. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡೆವು.

"ಬೇಕಂತಲೇ ಯಾರೋ ದೊಡ್ಡೋರು ಮಾಡಿದಾರೆ ಅಂದುಕೊಂಡಿದ್ದೆ," ಎಂದಳು. "ಅದಕ್ಕಾದ್ರೂ ಒಂದು ಅರ್ಥ ಇರ್ತಿತ್ತು. ಹದಿನೈದು ದಿನ ನೀರು ತಂದುಕೊಟ್ರಲ್ಲ ಮೇಷ್ಟ್ರೇ, ಆ ಮೂರು ಅಕ್ಷರ ತಂದುಕೊಡೋಕೆ ಆಗಲಿಲ್ವಾ?"

ಮೇಷ್ಟ್ರು ತಲೆ ತಗ್ಗಿಸಿ ಮಾರ್ಷಲರ ಹಿಂದೆ ನಡೆದರು.

ಅವಳು ಸೆರಗಿನ ಗಂಟಿನಿಂದ ಫೋನು ತೆಗೆದು ಮೈದುನನಿಗೆ ಮಾಡಿದಳು. "ನಾಳೆ ಒಬ್ಬನೇ ಇಳೀಬೇಡ. ಕಾನೂನು ಬಂದಿದೆ. ಕೇಳಿಸ್ತಾ? ಇಬ್ಬರಿಲ್ಲದೆ ಇಳೀಬೇಡ. ಏನಂದೆ ನಾನು? ಹೇಳು ನೋಡೋಣ."

ಅವನು ಏನೋ ಹೇಳಿದ. ಅವಳಿಗೆ ಸಮಾಧಾನವಾಗಲಿಲ್ಲ.

"ಹಾಗಲ್ಲ. ‘ಇಲ್ಲದೆ’ ಸೇರಿಸಿ ಹೇಳು," ಎಂದು ಮತ್ತೊಮ್ಮೆ ಹೇಳಿಸಿದಳು.