ನಟ್ಟನಡುವಿನ ಮನೆ

"ತಿಂಗಳಿಗೆ ಹದಿನೆಂಟೂವರೆ ಸಾವಿರ," ಎಂದುಬಿಟ್ಟಳು ಟೈಲರಕ್ಕ.

ಒಳಕೋಣೆಯಲ್ಲಿ ಚಿಕ್ಕಮ್ಮ ಕೆಮ್ಮಿದರು. ಅದು ಅವರ ಎಂದಿನ ಉಬ್ಬಸದ ಕೆಮ್ಮಲ್ಲ, ಸಾಕು ಮಾಡೇ ಎನ್ನುವ ಕೆಮ್ಮು. ಮನೆಗೆ ಬರುತ್ತಿದ್ದುದು ತಿಂಗಳಿಗೆ ಹನ್ನೊಂದು ಸಾವಿರ. ಶಾಲೆ ಶುರುವಾಗುವ ಒಂದೇ ತಿಂಗಳು ಯೂನಿಫಾರ್ಮ್ ಹೊಲಿದು ಹದಿನೆಂಟೂವರೆ ಕಂಡಿದ್ದಳು, ಅಷ್ಟೇ. ಆದರೆ ಮನೆಮನೆಯ ಆದಾಯ ಬರೆದುಕೊಳ್ಳಲು ಬಂದು ಎದುರು ಕುಳಿತಿದ್ದ ಸರ್ವೆಯವನು ಕಾಗದ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೇಳಿದ್ದ. ಆ ಕಣ್ಣುಗಳ ಮುಂದೆ ಹನ್ನೊಂದು ಎನ್ನಲು ನಾಲಿಗೆ ಏಳಲಿಲ್ಲ.

ಬರೆದುಕೊಂಡವನು ಏಳಲಿಲ್ಲ. ಅಂಗಿಯ ತೋಳು ಮುಂದೆ ಚಾಚಿದ. "ಗುಂಡಿ ಬಿದ್ದುಹೋಗಿದೆ. ಹಾಕಿಕೊಡ್ತೀರಾ?"

"ಅಲ್ಲಾಡಿದ್ರೆ ಚುಚ್ಚುತ್ತೆ," ಎಂದು ಸೂಜಿ ಹಿಡಿದಳು.

ಅವನು ಕಲ್ಲಿನಂತೆ ಕುಳಿತ. ಅವಳ ಬೆರಳು ಮಣಿಕಟ್ಟಿಗೆ ತಾಗಿದಾಗಲಂತೂ ಉಸಿರನ್ನೂ ಹಿಡಿದುಬಿಟ್ಟ.

"ಉಸಿರಾಡಬಹುದು," ಎಂದಳು. ಇಬ್ಬರೂ ನಕ್ಕರು.

ಅವನು ಹೋದ ಮೇಲೆ ಚಿಕ್ಕಮ್ಮ ಹೊರಗೆ ಬಂದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ."

"ನಮ್ಮೊಂದು ಮನೆ ಲೆಕ್ಕದಿಂದ ಏನಾಗುತ್ತೆ, ಬಿಡಿ ಚಿಕ್ಕಮ್ಮ."

ಆಗಬಾರದ್ದೇ ಆಯಿತು. ಹತ್ತು ದಿನ ಕಳೆದು, ಊರಿನ ಆಫೀಸಿನಲ್ಲಿ ಎಲ್ಲರನ್ನೂ ಕೂರಿಸಿ ಸರ್ವೆಯವನು ಲೆಕ್ಕ ಓದಿದ. ಇದು ಸರಾಸರಿಯಲ್ಲ ಎಂದು ಮೊದಲೇ ಹೇಳಿದ. ಊರಿನ ನಲವತ್ತೊಂದು ಮನೆಗಳನ್ನು ಕಡಿಮೆ ಆದಾಯದಿಂದ ಹೆಚ್ಚಿನದಕ್ಕೆ ಸಾಲಾಗಿ ಬರೆದರೆ, ನಟ್ಟನಡುವೆ ಬರುವ ಇಪ್ಪತ್ತೊಂದನೆಯ ಮನೆಯ ಆದಾಯವೇ ಊರಿನ ಆದಾಯ. ಅದು ಹದಿನೆಂಟು ಸಾವಿರ ದಾಟಿದರೆ, ವಾರಕ್ಕೆರಡು ಸಲ ಬರುವ ಉಚಿತ ಆಸ್ಪತ್ರೆ ವ್ಯಾನ್ ಬರುವುದು ನಿಲ್ಲುತ್ತದೆ.

ಚಿಕ್ಕಮ್ಮನ ಉಸಿರು ನಡೆಯುತ್ತಿದ್ದುದೇ ಆ ವ್ಯಾನಿನವರು ಕೊಡುವ, ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಉಬ್ಬಸದ ಪಂಪಿನಿಂದ.

"ನಡುವಿನ ಮನೆಯದ್ದು ಹದಿನೆಂಟೂವರೆ ಸಾವಿರ ಬಂದಿದೆ," ಎಂದ. ಯಾರ ಮುಖವನ್ನೂ ನೋಡಲಿಲ್ಲ. "ಯಾರ ಮನೆ ಅಂತ ನಾನು ಹೇಳೋ ಹಾಗಿಲ್ಲ, ನಾನಾಗಿ ತಿದ್ದೋ ಹಾಗೂ ಇಲ್ಲ. ತಪ್ಪು ಹೇಳಿದೋರಿದ್ರೆ ಅವರೇ ಬಂದು ಬರೆಸಬೇಕು. ಐದು ಗಂಟೆ ಬಸ್ಸಿಗೆ ಹೊರಡ್ತೀನಿ."

"ಯಾರಪ್ಪಾ ಆ ಕುಬೇರ?" ಎಂದ ಬಡಗಿ. ಜನ ಕಹಿಯಾಗಿ ನಕ್ಕರು. ಟೈಲರಕ್ಕ ಸೆರಗು ಎಳೆದುಕೊಂಡು ಎದ್ದು ಹೊರಬಿದ್ದಳು.

ಮನೆಗೆ ಬಂದರೆ ಚಿಕ್ಕಮ್ಮ ಪಂಪನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು, ಒಳಗೆ ಎಷ್ಟು ಉಳಿದಿದೆಯೋ ನೋಡಲು. ಸುದ್ದಿ ಆಗಲೇ ತಲುಪಿತ್ತು. ಬೈದಿದ್ದರೇ ಚೆನ್ನಾಗಿತ್ತು. ಹೋದರೆ ಅವನ ಮುಂದೆ ಮಾನ ಹೋಗುತ್ತದೆ, ಹೋಗದಿದ್ದರೆ ಈ ಜೀವ. ಇದರಲ್ಲಿ ಯೋಚಿಸುವುದೇನಿದೆ ಎಂದು ತನಗೆ ತಾನೇ ಬೈದುಕೊಂಡಳು. ಆದರೂ ಆರ್ಡರ್ ಪುಸ್ತಕ ಎತ್ತಿಕೊಂಡು ಹೊರಡುವಷ್ಟರಲ್ಲಿ ಐದಕ್ಕೆ ಇಪ್ಪತ್ತೇ ನಿಮಿಷವಿತ್ತು.

ಆಫೀಸಿನಲ್ಲಿ ಅವನೊಬ್ಬನೇ ಕಾಗದ ಕಟ್ಟುತ್ತಿದ್ದ. ಅವಳನ್ನು ಕಂಡು ಗಂಟು ಬಿಚ್ಚಿದ.

"ನಾನೇ ಅಂತ ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು. ನಾನೇ ಬಂದು ಕೇಳಿದ್ರೆ, ಬೇಕಾದ ಲೆಕ್ಕ ಹೇಳಿಸಿಕೊಂಡ ಅಂತಾಗುತ್ತೆ. ಮಧ್ಯಾಹ್ನದಿಂದ ಬಾಗಿಲನ್ನೇ ನೋಡ್ತಾ ಕೂತಿದೀನಿ."

ಅವಳ ಆರ್ಡರ್ ಪುಸ್ತಕದ ಒಂದೊಂದೇ ಪುಟ ತಿರುವಿ ಕೂಡಿಸಿದ. ಹನ್ನೊಂದು ಸಾವಿರ. ಅವಳ ಮನೆ ಸಾಲಿನಲ್ಲಿ ಕೆಳಗಿಳಿಯಿತು. ನಡುವಿನ ಜಾಗಕ್ಕೆ ಹದಿನೇಳು ಸಾವಿರದ ಆರುನೂರರ ಮನೆ ಬಂತು. ವ್ಯಾನ್ ಉಳಿಯಿತೆಂದು ಅವಳು ಪುಸ್ತಕ ಮುಚ್ಚಿದಳು. ಅವನು ಮಾತ್ರ ಪೆನ್ನು ಕೆಳಗಿಡಲಿಲ್ಲ.

"ಇಲ್ಲೊಂದು ಕಾಲಂ ಇದೆ. ಮೊದಲು ತಪ್ಪು ಹೇಳಿದ್ದಕ್ಕೆ ಕಾರಣ. ಖಾಲಿ ಬಿಟ್ರೆ ಫಾರಂ ತೆಗೆದುಕೊಳ್ಳಲ್ಲ."

ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

"ಕೇಳಿದೋರು ನೀವು, ಅದೇ ಕಾರಣ," ಎಂದಳು, ನೆಲ ನೋಡುತ್ತ. "ಬೇರೆ ಯಾರೇ ಕೇಳಿದ್ರೂ ಹನ್ನೊಂದು ಅಂತಲೇ ಹೇಳ್ತಿದ್ದೆ. ನಿಮ್ಮ ಮುಂದೆ ಕಡಿಮೆಯಾಗೋಕೆ ಮನಸ್ಸು ಬರಲಿಲ್ಲ. ಬರ್ಕೊಳ್ಳಿ."

ಅವನ ಕಿವಿ ಕೆಂಪಾಯಿತು. ಬರೆದು, ಕಾಗದವನ್ನು ಅವಳತ್ತ ತಿರುಗಿಸಿದ: ಒಂದು ತಿಂಗಳ ಆದಾಯವನ್ನು ಪ್ರತಿ ತಿಂಗಳದ್ದೆಂದು ಹೇಳಿರುತ್ತಾರೆ.

"ಇದೂ ನಿಜಾನೇ ತಾನೆ? ಇನ್ನೊಂದು ಕಾರಣ ಆಫೀಸಿಗೆ ಯಾಕೆ. ನನ್ನ ಹತ್ತಿರ ಇರಲಿ."

ಸಹಿ ಹಾಕುವಾಗ ಅವನ ತೋಳಿನ ಗುಂಡಿ ಕಣ್ಣಿಗೆ ಬಿತ್ತು. ಹೇಳಬಾರದೆಂದುಕೊಂಡಿದ್ದನ್ನೂ ಹೇಳಿಬಿಟ್ಟಳು. "ಆ ಗುಂಡಿ ಬಿದ್ದದ್ದಲ್ಲ. ದಾರಾನ ಬ್ಲೇಡಲ್ಲಿ ಕೊಯ್ದಿದ್ರಿ. ಟೈಲರ್‌ಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಹಾಕಿಕೊಟ್ರಾ?"

"ಮತ್ತೆ ಬೀಳದ ಹಾಗೇ ಹಾಕಿದೀನಿ."

ಎರಡನೆಯ ಹಾರನ್ ಆಯಿತು. ಅವನು ಬಾಗಿಲವರೆಗೆ ಓಡಿ, ತಿರುಗಿ ನಿಂತ. "ಬರೋ ಮಂಗಳವಾರ ಬರ್ತೀನಿ. ಲೆಕ್ಕ ಕೇಳೋಕಲ್ಲ, ಚಿಕ್ಕಮ್ಮನ ಹತ್ತಿರ ನಿಮ್ಮನ್ನ ಕೇಳೋಕೆ."

ಮನೆಯಲ್ಲಿ ಚಿಕ್ಕಮ್ಮ ಹೊಸ್ತಿಲಲ್ಲೇ ಕಾದಿದ್ದರು. "ವ್ಯಾನ್ ಉಳೀತಾ?"

"ಉಳೀತು."

"ಮಾನ?"

"ಅದು ಐದು ಗಂಟೆ ಬಸ್ಸಿಗೆ ಹೋಯ್ತು," ಎಂದು ಟೈಲರಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಳು. "ಮಂಗಳವಾರ ವಾಪಸ್ ಬರುತ್ತಂತೆ."