ಹದಿನೇಳನೆಯ ಹಾಳೆ

ಎಣಿಸಿದಾಗ ನಲವತ್ತೇ ಇದ್ದವು.

ದುಂಡಮ್ಮಕ್ಕ ಬೆರಳಿಗೆ ನೀರು ಹಚ್ಚಿಕೊಂಡು ಮತ್ತೊಮ್ಮೆ ಎಣಿಸಿದರು. ನಲವತ್ತು. ಬೆಳಿಗ್ಗೆ ಪ್ರಬಂಧಗಳ ಕಟ್ಟು ಓದಲು ಕೊಟ್ಟಾಗ ನಲವತ್ತೊಂದು ಹಾಳೆ ಇದ್ದವು. ಅದನ್ನೂ ಅವರೇ ಎಣಿಸಿದ್ದರು.

"ಇಮಾಮುದ್ದೀನ್, ಹದಿನಾರು ಆದ ಮ್ಯಾಲ ಹದಿನೆಂಟು ಅದ. ನಡುವಿಂದು ಎಲ್ಲಿ?"

ಆರಿಸಿದ ಒಂಬತ್ತು ಹೆಸರುಗಳ ಪಟ್ಟಿಯನ್ನು ಸೂಪರ್ ಮಾರ್ಕೆಟ್ಟಿನ ಬೂತಿನಿಂದ ನಾನೇ ಹೈದರಾಬಾದಿಗೆ ಫ್ಯಾಕ್ಸ್ ಮಾಡಿ ಬಂದಿದ್ದೆ. ಇನ್ನೂ ಅರ್ಧ ತಾಸೂ ಆಗಿರಲಿಲ್ಲ.

ಅದು ೨೦೦೪ರ ಬೇಸಿಗೆ. ಕಲಬುರಗಿಯಲ್ಲಿ ಪ್ರೋಗ್ರಾಮಿಂಗ್ ಸಮ್ಮೇಳನ ನಡೆಯುವುದಿತ್ತು. ಅಲ್ಲಿ ಮಾತಾಡುವ ಒಂಬತ್ತು ಮಂದಿಗೆ ಹೈದರಾಬಾದಿನ ಒಂದು ತರಬೇತಿ ಸಂಸ್ಥೆ ವರ್ಷದ ಸೀಟು ಕೊಡುತ್ತಿತ್ತು. ಇಪ್ಪತ್ತೈದು ವಯಸ್ಸು ದಾಟಿರಬಾರದು, ಅಷ್ಟೇ. ಹಿಂದಿನ ವರ್ಷ ಆಯ್ಕೆಯಲ್ಲಿ ಪಕ್ಷಪಾತವಾಯಿತೆಂದು ಪತ್ರಿಕೆಯಲ್ಲಿ ಬಂದು ಗದ್ದಲವಾಗಿತ್ತು. ಹಾಗಾಗಿ ಆಯ್ಕೆ ಸಮಿತಿಯ ಅಧ್ಯಕ್ಷರಾದ ಧರ್ಮಣ್ಣ ಸರ್ ಈ ಸಲ ಹೊಸ ನಿಯಮ ಮಾಡಿದ್ದರು. ಬಂದ ಪ್ರಬಂಧಗಳ ಹೆಸರು, ಊರು ತೆಗೆದು ನಾನು ಒಂದೊಂದನ್ನು ಒಂದೊಂದು ಹಾಳೆಗೆ ಹೊಸದಾಗಿ ಟೈಪು ಮಾಡಬೇಕು. ದುಂಡಮ್ಮಕ್ಕ ನಂಬರು ಹಾಕಿ, ಯಾವ ನಂಬರು ಯಾರದೆಂಬುದನ್ನು ಲಕೋಟೆಯಲ್ಲಿ ಮುಚ್ಚಿ ಅರಗು ಒತ್ತಬೇಕು. ಓದುಗರಿಬ್ಬರು, ಅಂದರೆ ಸರ್ ಮತ್ತು ದೌಲಪ್ಪನವರು, ಮೆಚ್ಚಿದ ನಂಬರುಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಡಬೇಕು. ಸಹಿಯಾದ ಪಟ್ಟಿಯನ್ನು ಆಮೇಲೆ ತಿದ್ದುವಂತಿಲ್ಲ.

ಮಳೆ ಯಾರ ಹೊಲವೆಂದು ಕೇಳಿ ಸುರಿಯುವುದಿಲ್ಲ. ಮನುಷ್ಯ ಹಾಗೆ ಇರಬೇಕಾದರೆ ಹೆಸರು ಮುಚ್ಚಿಡಬೇಕಾಗುತ್ತದೆ.

ದುಂಡಮ್ಮಕ್ಕ ಪರೀಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ಉತ್ತರಪತ್ರಿಕೆಗಳಿಗೆ ಗುಪ್ತ ನಂಬರು ಹಾಕಿ ನಿವೃತ್ತರಾದವರು. ಅವರ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಯಾರ್ಯಾರ ಕೈಯಾಗ ಇತ್ತು ಕಟ್ಟು?"

"ಒಂಬತ್ತರಿಂದ ಒಂದರ ತನಕ ಧರ್ಮಣ್ಣ ಸರ್. ಎರಡರಿಂದ ಐದು ದೌಲಪ್ಪನೋರು. ನಡುವ ಒಂದು ತಾಸು ನನ್ನ ಹತ್ರ."

"ಅಂದ್ರ ಮೂರು ಮಂದಿ. ನೀನೂ ಒಬ್ಬ."

"ನಾನೂ ಒಬ್ಬ, ಅಕ್ಕಾರ."

ದೌಲಪ್ಪನವರು ಕಂಪ್ಯೂಟರ್ ಕ್ಲಾಸು ನಡೆಸುವವರು. ಆಯ್ಕೆಯಾದ ಒಂಬತ್ತರಲ್ಲಿ ಮೂವರು ಅವರ ವಿದ್ಯಾರ್ಥಿಗಳು. ಪ್ರಶ್ನೆ ಬೀಳುವ ಮೊದಲೇ ಅವರ ದನಿ ಏರಿತು.

"ನನ್ನ ಮುಖ ಯಾಕ ನೋಡಾಕತ್ತೀರಿ? ನನ್ನ ಹುಡುಗ್ರು ಶ್ಯಾಣ್ಯಾ ಅದಾರ, ಆರಿಸಿ ಬಂದಾರ. ಅದೂ ತಪ್ಪೇನ್ರಿ?"

"ಹದಿನೇಳು ಓದಿದ್ರೇನು?"

"ನನಗ ನಂಬರ್ ನೆನಪಿರ್ತಾವೇನ್ರಿ? ನಾ ಓದಿದ್ದಕ್ಕೆಲ್ಲಾ ಬಾಲ್‌ಪೆನ್ನಿಲೆ ಗೀಚೀನಿ. ಬೇಕಾದ್ರ ನೋಡ್ರಿ."

ನೋಡಿದೆವು. ನಲವತ್ತೂ ಹಾಳೆಗಳ ಮೇಲೆ ನೀಲಿ ಗೀಚು ಇತ್ತು.

ಧರ್ಮಣ್ಣ ಸರ್ ಕಿಟಕಿಯ ಹತ್ತಿರ ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು.

"ಸರ್, ನೀವು ಓದಿದ್ರಿ?"

"ನನ್ನ ಕೈಗೆ ಬಂದಂಗ ನೆನಪಿಲ್ಲ, ಅಕ್ಕಾರ."

ಕೋಣೆಯನ್ನೆಲ್ಲ ಹುಡುಕಿದೆ. ಕಸದ ಬುಟ್ಟಿಯಲ್ಲಿಲ್ಲ, ಕಪಾಟಿನ ಕೆಳಗಿಲ್ಲ. ಕೊನೆಗೆ ಕುರ್ಚಿ ಹತ್ತಿ ಗೋಡೆಯ ಬಸವಣ್ಣನವರ ಪಟದ ಹಿಂದೆ ಕೈಯಾಡಿಸಿದೆ. ಕಾಗದ ತಾಕಿತು.

ನಾಲ್ಕು ಮಡಿಕೆಯಾಗಿತ್ತು. ಬಿಚ್ಚಿದೆ. ಹದಿನೇಳು! ನೀಲಿ ಗೀಚು ಇರಲಿಲ್ಲ. ಬಲಗಡೆಯ ಮೇಲಿನ ಮೂಲೆಯೂ ಒಳಗೆ ಮಡಚಿತ್ತು. ಅದನ್ನು ನೆಟ್ಟಗೆ ಮಾಡಲು ಹೆಬ್ಬೆರಳು ಒತ್ತುವಷ್ಟರಲ್ಲಿ ದುಂಡಮ್ಮಕ್ಕ ನನ್ನ ಕೈ ಹಿಡಿದರು.

"ಇರ್ಲಿ ಬಿಡು. ಹಂಗ ಇರ್ಲಿ."

ಲಕೋಟೆಯ ಪಟ್ಟಿ ನೋಡಿದರು. ಹದಿನೇಳು: ಹಲೀಮಾ, ಕಮಲಾಪುರ. ಈ ಜೂನ್ ಬಂದರೆ ಇಪ್ಪತ್ತೈದು ದಾಟುತ್ತದೆ.

ಹೈದರಾಬಾದಿಗೆ ಫೋನು ಹಚ್ಚಿದರು. ಬಹಳ ಹೊತ್ತು ಬೇಡಿಕೊಂಡರು. ಫೋನು ಇಟ್ಟು ನಮ್ಮ ಕಡೆ ತಿರುಗಿದರು.

"ಸಹಿ ಆದ ಪಟ್ಟಿ ತಿದ್ದಂಗಿಲ್ಲಂತ ನಿಮ್ಮ ನಿಯಮದಾಗೇ ಬರದೀರಿ, ಬರೋ ವರ್ಷ ಕಳಸ್ರಿ ಅಂದ್ರು."

"ಬರೋ ವರ್ಷ ಆಕಿ ವಯಸ್ಸು ದಾಟಿರ್ತದಲ್ಲ?" ಎಂದೆ.

"ದಾಟಿರ್ತದ."

"ಮತ್ತ ಕಳ್ಳನ್ನ ಹಿಡದು ಏನು ಮಾಡಾದು, ಅಕ್ಕಾರ?"

"ಏನೂ ಆಗಂಗಿಲ್ಲ. ಆದ್ರ ತನ್ನ ಬರವಣಿಗಿ ತೂಕ ಕಮ್ಮಿ ಬಿತ್ತಂತ ಆ ಹುಡುಗಿ ತಿಳಕೋಬಾರ್ದು. ನಾಳೆ ಕಮಲಾಪುರಕ್ಕ ಹೋಗೂಣು. ಸರ್, ನೀವೂ ಬರ್ರಿ."

ಮರುದಿನ ಹುಮನಾಬಾದ್ ಬಸ್ಸು ಹತ್ತಿದೆವು.

ಹಲೀಮಾಳ ಕಲಿಕಾ ಕೇಂದ್ರವೆಂದರೆ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರು. ನಮ್ಮನ್ನು ನೋಡಿದ್ದೇ ಅವಳ ಮುಖ ಅರಳಿತು.

"ಅಯ್ಯ, ಸರ್! ನೀವೇ ಬಂದ್ರಿ? ಆರಿಸಿ ಬಂತೇನ್ರಿ?"

ಸರ್ ತಲೆ ತಗ್ಗಿಸಿದರು. ಅವಳ ಅರಳಿದ ಮುಖ ಮೆಲ್ಲಗೆ ಮುಚ್ಚಿತು.

ದುಂಡಮ್ಮಕ್ಕ ಕೇಳಿದರು: "ಸರ್ ಪರಿಚಯ ಹ್ಯಾಂಗವ್ವಾ?"

"ಏಳನೇ ಇಯತ್ತೆಕ್ಕ ಇಲ್ಲೇ ನನ್ನ ಮಾಸ್ತರ್ ಇದ್ರು."

"ನಿನ್ನ ಬರವಣಿಗಿ ಏನಿತ್ತು, ನೀನೇ ಹೇಳು."

"ಇಲ್ಲಿ ದಿನಕ್ಕ ಹತ್ತು ಸಲ ಕರೆಂಟ್ ಹೋಗ್ತದ್ರಿ. ಹೋದ್ರೂ ಮಾಡಿದ ಕೆಲಸ ಹೋಗಬಾರ್ದು, ಬಂದ ಕೂಡ್ಲೇ ಬಿಟ್ಟಲ್ಲಿಂದ ಸುರು ಆಗಬೇಕು. ಅಂಥಾ ಪ್ರೋಗ್ರಾಂ ಬರದೀನಿ. ಓದೋರಿಗೆ ತಿಳೀಲಂತ ಒಂದು ಕಥಿ ಹಾಕಿದ್ದೆ. ಒಬ್ಬ ಮುದುಕಿ ಮಂದಿ ಹೊಲಕ್ಕ ಕಾಳು ಅಳ್ಯಾಕ ಹೋಗ್ತಾಳ. ಹತ್ತು ಸೇರಿಗೊಂದು ಹರಳು ಉಡಿಯಾಗ ಹಾಕೋತಾಳ. ಯಾರರ ಕರದು ಎಣಿಕಿ ತಪ್ಪಿದ್ರ, ಹರಳು ನೋಡಿ ಅಲ್ಲಿಂದ ಅಳೀತಾಳ."

"ಎಲ್ಲಿ ಕೇಳಿದ್ದಿ ಈ ಕಥಿ?"

"ಎಲ್ಲಿ ಅಂದ್ರ? ಸರ್ ಹೇಳಿದ್ದು. ಅವರವ್ವನ ಕಥಿ ಅದು."

ದುಂಡಮ್ಮಕ್ಕ ಚೀಲದಿಂದ ಹಾಳೆ ತೆಗೆದರು.

"ಹೊಟ್ಟಿಕಿಚ್ಚಿಗೆ ಕದ್ದವ ಹರೀತಾನ, ಸುಡ್ತಾನ. ಇದನ್ನ ಮಡಚಿ ದೇವರ ಹಿಂದ ಎತ್ತರದಾಗ ಇಟ್ಟಾರ, ಅಕ್ಷರ ಕಾಲಿಗೆ ಹತ್ತಬಾರ್ದಂತ. ಆದ್ರ ಅಕ್ಷರಕ್ಕ ಕೈ ಮುಗಿಯೋದು ದೌಲಪ್ಪಗೂ ಗೊತ್ತು, ಇಮಾಮುದ್ದೀನಗೂ ಗೊತ್ತು. ಖರೆ ಗುರ್ತು ಹೇಳೋದು, ನಿನ್ನಿ ನೀವೆಲ್ಲಾ ನೋಡೀನೂ ನೋಡದಂಗ ಬಿಟ್ಟ ಈ ಮೂಲಿ."

ಹಾಳೆಯ ಮೂಲೆ ತೋರಿಸಿದರು.

"ಮೂವತ್ತು ವರ್ಷ ಎಷ್ಟೋ ಮಾಸ್ತರರು ತಿದ್ದಿದ ಪತ್ರಿಕಿ ಕಟ್ಟೀನಿ. ಎಲ್ಲಾಕಿಂತ ಚೊಲೋ ಪತ್ರಿಕಿ ಸಿಕ್ಕರ, ಮತ್ತೊಮ್ಮೆ ಓದಾಕಂತ ಮೂಲಿ ಹಿಂಗ ಒಳಗ ಮಡಚೋರು ಒಬ್ಬರೇ ಇದ್ರು. ದೌಲಪ್ಪ ಗೀಚ್ತಾನ, ಮಡಚಂಗಿಲ್ಲ. ಸರ್, ನೀವು ಇದನ್ನ ಓದೀರಿ. ಮೂಲಿ ಮಡಚೀರಿ. ಆಮ್ಯಾಲ ಕಥಿ ಬಂತು. ಯಾರು ಬರದಾರಂತ ತಿಳೀತು. ಹೌದಿಲ್ಲ?"

ಧರ್ಮಣ್ಣ ಸರ್ ಗೋಡೆಗೆ ಆತು ಕೂತರು.

"ಹೌದು, ಅಕ್ಕಾರ. ಹ್ವಾದ ವರ್ಷ ನನ್ನ ಶಿಷ್ಯನ್ನ ಆರಿಸಿದ್ಯಂತ ಊರೆಲ್ಲಾ ಉಗುಳ್ತು. ಅವ ಯೋಗ್ಯ ಇದ್ದ. ಯಾರೂ ಕೇಳ್ಲಿಲ್ಲ. ಈಕಿ ಹೆಸರು ಮೊದಲು ಬಂದ್ರ ಮತ್ತ ಅದೇ ಮಾತು ಬರ್ತಿತ್ತು. ನನ್ನ ತಕ್ಕಡಿ ಮ್ಯಾಲ ಈ ಸಲ ಯಾರೂ ಬೊಟ್ಟು ಮಾಡಬಾರ್ದಂತ..."

"ತಕ್ಕಡಿ ನೆಟ್ಟಗೇ ಇತ್ತು, ಸರ್. ತೂಗೋಕಿಂತ ಮೊದಲ ನೀವು ಕಾಳು ತಗದಿಟ್ರಿ."

ಹಲೀಮಾ ಅಳಲಿಲ್ಲ. ಸರ್ ಕಡೆ ತಿರುಗಿ ಕೇಳಿದಳು:

"ನಾ ನಿಮ್ಮ ಕಡೆ ಕಲೀದಿದ್ರ, ಸರ್?"

"ಮೊದಲನೇ ನಂಬರ್ ನಿಂದೇ ಇತ್ತವ್ವಾ."

"ಹಂಗಾದ್ರ ಆ ಕಥಿ ನಾ ಕೇಳಬಾರ್ದಿತ್ತು."

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತು ಕೋಣೆಯಲ್ಲಿ ಸೆಖೆ ತುಂಬಿತು. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಮರಳಿತು. ಕಂಪ್ಯೂಟರು ಗುರ್ರೆಂದು ಎಚ್ಚತ್ತು, ಅವಳು ಬಿಟ್ಟಿದ್ದ ಸಾಲಿಗೇ ಬಂದು ನಿಂತಿತು. ಅದನ್ನು ನೋಡಿದವನು ನಾನೊಬ್ಬನೇ.

ದುಂಡಮ್ಮಕ್ಕ ಹಾಳೆ ಅವಳ ಕೈಗಿಟ್ಟರು. ದಾರಿಯಲ್ಲಿ ಚೀಲದೊಳಗೆ ಒತ್ತಿಕೊಂಡು, ಮಡಚಿದ್ದ ಮೂಲೆ ಅರ್ಧ ಬಿಚ್ಚಿಕೊಂಡಿತ್ತು. ಹಲೀಮಾ ಅದನ್ನು ಹಳೆಯ ಗೆರೆಯ ಮೇಲೇ ಮತ್ತೆ ಮಡಚಿ, ಉಗುರಿನಿಂದ ಗಟ್ಟಿಯಾಗಿ ತೀಡಿದಳು.

"ಇರ್ಲಿ, ಅಕ್ಕಾರ," ಎಂದಳು. "ಸರ್ ನನಗ ಕೊಟ್ಟ ಅಂಕ ಇದೊಂದೇ."