ಬೆಳ್ಳುಳ್ಳಿ ವಾಸನೆಯ ಕಲ್ಲು

ಅಜ್ಜಿಯ ಬೆರಳುಗಳಿಗೆ ಸದಾ ಬೆಳ್ಳುಳ್ಳಿಯ ವಾಸನೆ. ಜ್ವರ ಬಂದಾಗ ಅವರು ನನ್ನ ಹಣೆ ಮುಟ್ಟಿದರೆ ಮೊದಲು ಮೂಗಿಗೆ ಬರುತ್ತಿದ್ದುದು ಅದೇ, ಆಮೇಲೆ ನಿದ್ದೆ.

ಆ ವಾಸನೆ ಮತ್ತೆ ನನ್ನ ಮೂಗಿಗೆ ಬಡಿದದ್ದು ಗುಡ್ಡದ ಮೇಲಿನ ತಗಡಿನ ಶೆಡ್ಡಿನಲ್ಲಿ. ನಾನಾಗ ಹೊಸ ಭೂವಿಜ್ಞಾನಿ. ಡ್ರಿಲ್ ಯಂತ್ರ ನೆಲದಾಳದಿಂದ ತೆಗೆದ, ಒನಕೆಯ ತುಂಡುಗಳಂಥ ಕಲ್ಲುಗಳನ್ನು ನೋಡಿ ಚಿನ್ನದ ಸುಳಿವು ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಅಂದು ಸಂಜೆಯೊಳಗೆ ಸುಳಿವು ಸಿಗದಿದ್ದರೆ ಕೊರೆಯುವುದು ನಿಲ್ಲುತ್ತಿತ್ತು. ಮರುದಿನ ಯಂತ್ರ ಬೇರೆ ಗುಡ್ಡಕ್ಕೆ. ಅದರ ಜೊತೆ ಅದನ್ನು ನಡೆಸುವವನೂ.

ಅವನನ್ನು ಎಲ್ಲರೂ ‘ಮೆಲ್ಲಗೆ’ ಎಂದೇ ಕರೆಯುತ್ತಿದ್ದರು. ದಿನವಿಡೀ ಸಹಾಯಕರಿಗೆ ಅವನು ಹೇಳುತ್ತಿದ್ದುದು ಅದೊಂದೇ ಮಾತು. ಕಲ್ಲುಗಳನ್ನು ಟ್ರೇಯಲ್ಲಿ ಇಡುವಾಗಲೂ ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಇಡುತ್ತಿದ್ದ. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಕಿವಿ ಕೆಂಪಾಗುತ್ತಿತ್ತು.

“ಮೇಡಂ, ಚಿನ್ನ ಬಂಡೆ ಒಳಗೆ ಹೋಗೋದಾದ್ರೂ ಹೇಗೆ?” ಎಂದು ಒಮ್ಮೆ ಕೇಳಿದ್ದ.

“ಭೂಮಿ ಒಳಗಿನ ಬಿಸಿನೀರು ಹೊತ್ಕೊಂಡು ಬರುತ್ತೆ. ಕರಗಿಸ್ಕೊಂಡು, ಬಿರುಕಲ್ಲಿ ಮೇಲೇರುತ್ತೆ.”

“ಯಾರಿಗೂ ಹೇಳ್ದೆ?”

“ಯಾರಿಗೂ ಹೇಳ್ದೆ. ಎಲ್ಲೋ ಬಿರುಕು ಅಗಲ ಆಗಿ ಒತ್ತಡ ಇಳಿದಾಗ, ಕುದ್ದು, ಹೊತ್ತಿದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತೆ.”

“ಪಾಪ, ಆಗಲಾದ್ರೂ ಹಗುರ ಆಗುತ್ತಲ್ಲ,” ಎಂದು ನನ್ನನ್ನು ಒಂದು ಗಳಿಗೆ ಹೆಚ್ಚೇ ನೋಡಿದ್ದ.

ಅಂದು ಮಧ್ಯಾಹ್ನ ಕೊನೆಯ ಟ್ರೇ. ಬಿಳಿ ಸ್ಫಟಿಕದ ಎಳೆಯ ಪಕ್ಕದಲ್ಲಿ ಬೂದು ಹೊಳಪು. ಸುತ್ತಿಗೆಯಿಂದ ಹೊಡೆದೆ. ಬೆಳ್ಳುಳ್ಳಿ! ಆರ್ಸೆನಿಕ್ ಇರುವ ಅದಿರಿಗೆ ಪೆಟ್ಟು ಬಿದ್ದರೆ ಬರುವುದು ಇದೇ ವಾಸನೆ. ಆ ಅದಿರು ಎಷ್ಟೋ ಕಡೆ ಚಿನ್ನಕ್ಕೆ ಹತ್ತಿರದ ನೆಂಟ.

“ಸಿಕ್ತು! ಇನ್ನೂ ಕೊರೀಬೇಕು! ನೀವೆಲ್ಲೂ ಹೋಗೋ ಹಾಗಿಲ್ಲ!” ಎಂದು ಕೂಗಿದೆ. ಕೊನೆಯ ಮಾತು ಬಾಯಿತಪ್ಪಿ ಬಂದಿತ್ತು.

ಅವನ ಮುಖ ಅರಳಿತು. ಮರುಗಳಿಗೆಯಲ್ಲೇ ಬಾಡಿತು. ಟ್ರೇಯ ಆಚೆ ತುದಿ ತೋರಿಸಿದ. ಅಲ್ಲೊಂದು ಬಟ್ಟೆ ಸುತ್ತಿದ ಊಟದ ಡಬ್ಬಿ.

“ಬೆಳಗ್ಗೆಯಿಂದ ನೀವೇನೂ ತಿಂದಿಲ್ಲ ಅಂತ... ನಾನೇ ಇಟ್ಟೆ. ಬೆಳ್ಳುಳ್ಳಿ ಒಗ್ಗರಣೆ ಸ್ವಲ್ಪ ಜಾಸ್ತಿ ಆಗಿದೆ, ಮೇಡಂ.”

ಕಲ್ಲನ್ನು ಹೊರಗೆ ಒಯ್ದು, ತೊಳೆದು, ಮತ್ತೆ ಹೊಡೆದೆ. ಬರೀ ಒದ್ದೆ ಕಲ್ಲಿನ ವಾಸನೆ. ನಗುವೂ ಅಳುವೂ ಒಟ್ಟಿಗೆ ಬಂದವು. ಶೆಡ್ಡಿಗೆ ಮರಳಿ, ‘ಸುಳಿವಿಲ್ಲ, ಕೊರೆಯುವುದು ನಿಲ್ಲಿಸಿ’ ಎಂದು ಬರೆದೆ.

“ಸುಮ್ನಿದ್ದಿದ್ರೆ ಇನ್ನಷ್ಟು ದಿನ ಇಲ್ಲೇ ಇರ್ತಿದ್ರಿ,” ಎಂದೆ.

“ಇರ್ತಿದ್ದೆ. ಆಸೆ ಇಲ್ದೆ ಇಲ್ಲ.” ಸುತ್ತಿಗೆಯನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟ. “ಆದ್ರೆ ನಿಮ್ಮ ಹತ್ರ ಇರೋದಾದ್ರೆ ನಿಜ ಹೇಳ್ಕೊಂಡೇ ಇರ್ಬೇಕು.”

“ಹತ್ರ ಅಂದ್ರೆ ಎಷ್ಟು ದಿನ?”

“ನೀವು ಸಾಕು ಅನ್ನೋ ತನಕ.”

“ನಾನು ಅಷ್ಟು ಸುಲಭವಾಗಿ ಸಾಕು ಅನ್ನೋಳಲ್ಲ. ಆ ಗುಡ್ಡ ಮುಗಿಸಿ ಬನ್ನಿ.”

“ಮೆಲ್ಲಗೆ ಬರ್ಲಾ?”

“ಇದೊಂದು ಸಲ ಬೇಗ ಬನ್ನಿ.”

ಅವನ ಕಿವಿ ಕೆಂಪಾಯಿತು. ಬಟ್ಟೆಯ ಗಂಟು ಬಿಚ್ಚಿ, ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟ.